ಮನೆಯಿಂದ ತಂದ ವಾಕ್ಯ

ಜೂನ್ 2, ಸೋಮವಾರ

ಇಂಗ್ಲಿಷ್ ಕ್ಲಾಸಿಗೆ ಹೋಗಿ ಬಂದೆ. ಈ ವಯಸ್ಸಿನಲ್ಲಿ ಬೆಂಚಿನ ಮೇಲೆ ಕೂತು ‘ಯೆಸ್ ಟೀಚರ್’ ಅನ್ನುವಾಗ ನನಗೇ ನಗು ತಡೆಯಲಾಗಲಿಲ್ಲ. ಗುಬ್ಬಿಯನ್ನೂ ಎಳೆದುಕೊಂಡು ಹೋಗಿದ್ದೆ. ತಲೆನೋವು ಅಂದಳು, ಲೈನಿಂಗ್ ಹೊಲಿಯುವುದು ಬಾಕಿ ಇದೆ ಅಂದಳು. ನಾನು ಬಿಡಬೇಕಲ್ಲ. ಕೈಯಿಂದ ಕತ್ತರಿ ಕಸಿದುಕೊಂಡು, ಚಪ್ಪಲಿ ತಂದು ಕಾಲ ಹತ್ತಿರ ಇಟ್ಟೆ. ಬಂದಳು.

ಟೀಚರ್ ನಮ್ಮನ್ನು ನೋಡಿ ‘ಅಕ್ಕ ತಂಗೀನಾ?’ ಅಂದರು. ಇವಳು ನನ್ನ ಮೈದುನನ ಹೆಂಡತಿ ಅಂದರೆ ನಂಬಲಿಲ್ಲ. ಯಾರೂ ನಂಬುವುದಿಲ್ಲ. ಓರಗಿತ್ತಿಯರೆಂದರೆ ಹಾವು ಮುಂಗುಸಿ ಅನ್ನುವ ಲೋಕ ಇದು. ನಾವಾದರೆ ಒಂದೇ ಮನೆ, ಒಂದೇ ಒಲೆ, ಒಂದೇ ಕರ್ಟನ್ ಅಂಗಡಿ. ಗಿರಾಕಿಗಳ ಮನೆಗೆ ಹೋಗಿ ಕಿಟಕಿ ಅಳೆಯುವುದು ನಾನು, ಹೊಲಿಯುವುದು ಅವಳು. ಮಾತು ದೊಡ್ಡವಳದು, ಮಷಿನ್ನು ಚಿಕ್ಕವಳದು ಅಂತ ನಮ್ಮವರು ತಮಾಷೆ ಮಾಡುತ್ತಾರೆ. ಮದುವೆಯಾಗಿ ಬಂದಾಗ ಹಿಡಿಯಷ್ಟಿದ್ದಳು. ಗುಬ್ಬಿ ಅಂತ ಹೆಸರಿಟ್ಟವಳೂ ನಾನೇ.

ಹೊಸದಾಗಿ ಕಟ್ಟಿದ ದೊಡ್ಡ ಹೋಟೆಲಿನವರು ಈ ತಿಂಗಳ ಕೊನೆಗೆ ಬಂದು ಮಾತಾಡಿ ಅಂದಿದ್ದಾರೆ. ಮೂರು ಮಹಡಿಯ ಎಲ್ಲಾ ರೂಮುಗಳಿಗೂ ಕರ್ಟನ್ ಬೇಕಂತೆ. ಆದರೆ ಅಲ್ಲಿನ ಮ್ಯಾನೇಜರಿಗೆ ಇಂಗ್ಲಿಷ್ ಬಿಟ್ಟರೆ ಬೇರೆ ಭಾಷೆ ಇಲ್ಲ. ಫೋನಿನಲ್ಲಿ ಆಕೆ ಹೇಳಿದ್ದರಲ್ಲಿ ನನಗೆ ತಿಳಿದದ್ದು ‘ಹಲೋ’ ಒಂದೇ. ಅದಕ್ಕೇ ಈ ಕ್ಲಾಸು.

ಟೀಚರದು ಒಂದು ವಿಚಿತ್ರ ಪದ್ಧತಿ. ಸೋಮವಾರ ಒಂದು ಮಾತು ಕೊಡುತ್ತಾರೆ. ಗುರುವಾರ ಪ್ರತಿಯೊಬ್ಬರೂ ಆ ಮಾತು ಹಾಕಿ ಒಂದು ವಾಕ್ಯ ತರಬೇಕು. ಪುಸ್ತಕದಿಂದ ಅಲ್ಲ, ಮನೆಯಿಂದ. ನಿಜ ಇರಬೇಕು. ‘ಸುಳ್ಳು ವಾಕ್ಯ ಸಂಜೆಗೇ ಮರೆತುಹೋಗುತ್ತೆ. ನಿಜ ಹೇಳಿದ್ರೆ ಅದು ಬಾಯಲ್ಲಿ ಉಳಿಯುತ್ತೆ’ ಅಂದರು. ಆಮೇಲೆ ಅದನ್ನೇ ಬೇರೆ ಪದ ಹಾಕಿ ಇನ್ನೊಮ್ಮೆ ಹೇಳಬೇಕು. ಇಲ್ಲಿ ಆಡಿದ ಮಾತು ಈ ರೂಮಿನಿಂದ ಆಚೆ ಹೋಗಬಾರದು ಅಂತಲೂ ಹೇಳಿದರು. ನಮ್ಮ ಮನೆಯಲ್ಲಿ ಮುಚ್ಚಿಡುವಂಥದ್ದು ಏನಿದೆ!

ಜೂನ್ 5, ಗುರುವಾರ

ಈ ವಾರದ ಮಾತು ‘ಲುಕ್ ಆಫ್ಟರ್’, ಅಂದರೆ ನೋಡಿಕೊಳ್ಳುವುದು. ನಾನು ಎದ್ದು ನಿಂತು ‘ಐ ಲುಕ್ ಆಫ್ಟರ್ ಮೈ ಗುಬ್ಬಿ’ ಅಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಗುಬ್ಬಿಯ ಸರದಿ ಬಂದಾಗ ಅವಳು ನನ್ನ ಕಡೆ ನೋಡಿ, ‘ಷಿ ಲುಕ್ಸ್ ಆಫ್ಟರ್ ಎವ್ರಿಥಿಂಗ್’ ಅಂದಳು. ನಮ್ಮ ಜೊತೆ ಕಲಿಯುವ ಬೇಕರಿಯವನು ಗೊಳ್ಳೆಂದು ನಕ್ಕ. ನಾನೂ ನಕ್ಕೆ. ಹೆಮ್ಮೆಯಾಯಿತು.

ಜೂನ್ 9, ಸೋಮವಾರ

ಹೊಸ ಮಾತು ‘ಪುಟ್ ಅಪ್ ವಿತ್’. ಮೂರು ಪುಟ್ಟ ಪದ, ಒಂದೊಂದಕ್ಕೂ ಅರ್ಥ ಗೊತ್ತು. ಕೂಡಿಸಿದರೆ ಮಾತ್ರ ಬೇರೆಯೇ ಆಗುತ್ತದೆ. ಸಹಿಸಿಕೊಳ್ಳುವುದು. ಇದಕ್ಕೆ ಬದಲು ಟಾಲರೇಟ್ ಅನ್ನಬಹುದು, ಬೇರ್ ಅನ್ನಬಹುದು, ಸ್ಟ್ಯಾಂಡ್ ಅನ್ನಬಹುದು. ಟಾಲರೇಟ್ ಅನ್ನುವುದು ಅರ್ಜಿಯಲ್ಲಿ, ಭಾಷಣದಲ್ಲಿ. ಮನೆಯಲ್ಲಿ, ಬಸ್ಸಿನಲ್ಲಿ ಜನ ಆಡುವುದು ಪುಟ್ ಅಪ್ ವಿತ್. ಪಕ್ಕದ ಮನೆಯ ನಾಯಿ, ಮಂಡಿನೋವು, ಸೋರುವ ನಲ್ಲಿ, ಸಿಡುಕುವ ಮೇಲಧಿಕಾರಿ, ಇಂಥದ್ದಕ್ಕೆ.

ನಾನು ನಮ್ಮ ಮಾತುಗಳನ್ನು ಪಕ್ಕದಲ್ಲಿ ಬರೆದುಕೊಂಡೆ: ಸಹಿಸು, ತಾಳು, ನುಂಗಿಕೋ, ಹೊಟ್ಟೆಗೆ ಹಾಕಿಕೋ, ಸುಧಾರಿಸಿಕೋ, ಹೊಂದಿಕೊಂಡು ಹೋಗು. ಬರೆದಷ್ಟೂ ಬರುತ್ತಿದೆ. ಇಷ್ಟು ಪದ ಬೇಕಾಯಿತೆಂದರೆ ನಮ್ಮ ಹಿರಿಯರು ಎಷ್ಟು ಸಹಿಸಿರಬೇಡ.

ನನ್ನ ವಾಕ್ಯ ರೆಡಿ: ನಮ್ಮವರ ಗೊರಕೆ. ಗುಬ್ಬಿಯದೇನು ಅಂದರೆ ‘ಇನ್ನೂ ಯೋಚ್ನೆ ಮಾಡಿಲ್ಲ ಅಕ್ಕ’ ಅಂದಳು. ‘ಯೋಚ್ನೆ ಯಾಕೆ, ನಿನ್ನ ಗಂಡ ಒದ್ದೆ ಟವೆಲ್ ಮಂಚದ ಮೇಲೆ ಹಾಕ್ತಾನಲ್ಲ, ಅದನ್ನೇ ಹೇಳು’ ಅಂತ ವಾಕ್ಯವನ್ನೂ ಕಟ್ಟಿಕೊಟ್ಟೆ. ತಲೆಯಾಡಿಸಿದಳು.

ಜೂನ್ 12, ಗುರುವಾರ

ಡಾಕ್ಟರ ಮನೆಯಲ್ಲಿ ಅಳತೆ ತೆಗೆಯುವಷ್ಟರಲ್ಲಿ ತಡವಾಯಿತು. ಗುಬ್ಬಿ ಮುಂಚೆಯೇ ಹೋಗಿದ್ದಳು. ನಾನು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಾಗಿಲ ಹತ್ತಿರ ನಿಂತೆ. ಒಳಗಿಂದ ಅವಳ ದನಿ.

‘ಐ ಪುಟ್ ಅಪ್ ವಿತ್ ಮೈ ಸಿಸ್ಟರ್-ಇನ್-ಲಾ.’

ಬೇರೆ ಪದ ಹಾಕಿ ಅಂದರು ಟೀಚರ್.

‘ಐ ಬೇರ್ ಹರ್. ಆಲ್ ದೀಸ್ ಇಯರ್ಸ್.’

ತಡವರಿಸಲಿಲ್ಲ. ಒಂದು ಸಲವೂ ನಿಲ್ಲಲಿಲ್ಲ. ಮನೆಯಲ್ಲಿ ನೂರು ಸಲ ಹೇಳಿಕೊಂಡು ಬಂದವಳ ಹಾಗೆ ಹೇಳಿದಳು.

ನಾನು ಇಳಿದು ಬಂದೆ.

ಜೂನ್ 13, ಶುಕ್ರವಾರ

ನಿನ್ನೆ ಮನೆಗೆ ಬಂದವಳು ‘ಯಾಕಕ್ಕ ಬರ್ಲಿಲ್ಲ, ಸುಸ್ತಾಯ್ತಾ?’ ಅಂತ ಕೇಳಿ ಟೀ ಮಾಡಿಕೊಟ್ಟಳು. ನಾನು ಲೋಟ ಹಿಡಿದುಕೊಂಡು, ‘ನಿನ್ನ ವಾಕ್ಯ ಹೇಗಾಯ್ತು?’ ಅಂದೆ.

‘ಟವೆಲ್ಲಿಂದೇ ಹೇಳ್ದೆ. ನೀವು ಹೇಳ್ಕೊಟ್ಟಿದ್ರಲ್ಲ.’

ಕಣ್ಣು ಮಿಟುಕಿಸದೆ ಹೇಳಿದಳು. ಕ್ಲಾಸಿನಲ್ಲಿ ಆಡಿದ್ದು ಒಂದು ಏಟಾದರೆ ಇದು ಇನ್ನೊಂದು. ಹೊರಗಿನವರಿಗೆ ನಿಜ, ನನಗೆ ಸುಳ್ಳು.

ಅವಳಿಗೆ ಹೆರಿಗೆಯಾದಾಗ ಬಾಣಂತನ ಮಾಡಿದ್ದು ಯಾರು? ಅವಳ ತಾಯಿ ಹೋದಾಗ ರಾತ್ರಿಯೆಲ್ಲಾ ತೊಡೆಯ ಮೇಲೆ ಮಲಗಿಸಿಕೊಂಡದ್ದು ಯಾರು? ಮಷಿನ್ನಿನ ಮುಂದೆ ಕೂರಿಸಿ ದಾರ ಪೋಣಿಸುವುದರಿಂದ ಕಲಿಸಿದ್ದು ಯಾರು? ಅವಳು ಎದ್ದೇಳುವ ಮುಂಚೆ ಅವಳ ರೂಮಿನ ಕಿಟಕಿ ತೆಗೆದು ಗಾಳಿ ಬಿಡುವುದು ಯಾರು? ಅವಳು ಮಾಡಿದ ಅಡುಗೆಗೆ ಉಪ್ಪು ಸಾಕೋ ಬೇಕೋ ನೋಡುವುದು ಯಾರು? ಅವಳ ಮಗನ ಶಾಲೆಗೆ ಹೋಗಿ ಮಾಸ್ತರ ಹತ್ತಿರ ಜಗಳ ಆಡಿ ಬಂದದ್ದು ಯಾರು? ಬೇಡ ಬೇಡ ಅಂದರೂ ಹೋಗಿ ಬಂದೆ. ಉಂಡ ಮನೆಗೆ ಎರಡು ಬಗೆಯುವುದು ಅಂದರೆ ಇದೇ.

ಇಷ್ಟು ಮಾಡಿದವಳು ಅವಳಿಗೆ ಮಂಡಿನೋವಿನ ಸಾಲಿನಲ್ಲಿ ಬಂದೆ. ಪಕ್ಕದ ಮನೆಯ ನಾಯಿಯ ಸಾಲಿನಲ್ಲಿ.

ಜೂನ್ 16, ಸೋಮವಾರ

ಕ್ಲಾಸು ಮುಗಿದ ಮೇಲೆ ಗುಬ್ಬಿಯನ್ನು ಮುಂದೆ ಕಳಿಸಿ ಟೀಚರ ಹತ್ತಿರ ನಿಂತೆ. ‘ಪುಟ್ ಅಪ್ ವಿತ್ ಅಂತ ನಮಗೆ ಬೇಕಾದವರಿಗೂ ಅನ್ನಬಹುದಾ? ಪ್ರೀತಿ ಇರೋರಿಗೆ?’ ಅಂದೆ. ಅವರ ಮುಖ ಒಂದು ಕ್ಷಣ ಹೇಗೋ ಆಯಿತು. ನಾನು ಕೇಳಿಸಿಕೊಂಡದ್ದು ಗೊತ್ತಾಗಿರಬೇಕು.

‘ಅನ್ನಬಹುದು. ಬೇಡದವರಾದ್ರೆ ನಾವು ಯಾಕೆ ಸಹಿಸ್ತೀವಿ, ಎದ್ದು ಹೋಗ್ತೀವಿ’ ಅಂದರು. ‘ಆ ಮಾತಲ್ಲಿ ದ್ವೇಷ ಇಲ್ಲ. ಕಷ್ಟ ಆಗ್ತಿದೆ, ಆದ್ರೂ ಎದ್ದು ಹೋಗಿಲ್ಲ, ಅಷ್ಟೇ.’

ಮೆಟ್ಟಿಲು ಇಳಿಯುವಾಗ ಇದನ್ನೇ ಮೆಲುಕು ಹಾಕಿದೆ. ಎದ್ದು ಹೋಗಿಲ್ಲ. ಸರಿ, ಅಷ್ಟಾದರೂ ಉಂಟಲ್ಲ. ತಾಳಿದವನು ಬಾಳಿಯಾನು ಅಂತಾರೆ. ಆದರೆ ತಾಳಿಸಿಕೊಂಡವಳು ಏನು ಮಾಡಬೇಕು ಅಂತ ಯಾವ ಗಾದೆಯೂ ಹೇಳುವುದಿಲ್ಲ.

ಜೂನ್ 18, ಬುಧವಾರ

ತಡೆಯಲಾರದೆ ನಮ್ಮವರಿಗೆ ಹೇಳಿದೆ. ಹಾರಾಡುತ್ತಾರೆ, ತಮ್ಮನನ್ನು ಕರೆದು ಕೇಳುತ್ತಾರೆ ಅಂದುಕೊಂಡಿದ್ದೆ. ಅವರು ಷರ್ಟಿನ ಗುಂಡಿ ಹಾಕಿಕೊಳ್ಳುತ್ತಾ, ‘ಹೂಂ’ ಅಂದರು.

‘ಏನು ಹೂಂ?’

‘ನಿನಗೆ ಹೇಗೆ ಹೇಳೋದು ಅಂತ ಎಲ್ರೂ ಒದ್ದಾಡ್ತಾ ಇದ್ವಿ. ಅವರಿಬ್ರೂ ಬೇರೆ ಮನೆ ನೋಡಿದ್ದಾರೆ. ಮುಂದಿನ ತಿಂಗಳು ಹೋಗ್ತಾರಂತೆ.’

‘ಎಲ್ರೂ ಅಂದ್ರೆ?’

‘ನಾನು, ತಮ್ಮ, ನಮ್ಮ ಮಗಳು. ಅವಳಿಗೆ ಆಗ್ಲೇ ಗೊತ್ತಿತ್ತು.’

ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳು. ದಿನಾ ಜಡೆ ಹಾಕಿಸಿಕೊಳ್ಳುತ್ತಾ ನನ್ನ ಮುಂದೆ ಕೂರುತ್ತಾಳೆ, ಬಾಯಿ ಬಿಟ್ಟಿಲ್ಲ. ಒಂದೇ ತಟ್ಟೆಯಲ್ಲಿ ಉಣ್ಣುವ ಮನೆ ಅಂತ ನಾನು ಊರೆಲ್ಲಾ ಹೇಳಿಕೊಂಡು ಬರುತ್ತೇನೆ. ನನ್ನನ್ನೊಬ್ಬಳನ್ನು ಬಿಟ್ಟು ಉಳಿದವರೆಲ್ಲಾ ಗುಟ್ಟಾಗಿ ಉಣ್ಣುತ್ತಿದ್ದರು.

‘ನೀವೂ ನನ್ನ ಸಹಿಸ್ಕೊಂಡಿದ್ದೀರಾ?’ ಅಂದೆ.

‘ನಾನು ಗೊರಕೆ ಹೊಡೀತೀನಲ್ಲ, ಲೆಕ್ಕ ಸರಿಹೋಗುತ್ತೆ’ ಅಂದರು. ನಗಿಸಲು ಹೇಳಿದ್ದು. ನನಗೆ ನಗು ಬರಲಿಲ್ಲ.

ಎದ್ದು ಹೋಗಿಲ್ಲ ಅಂದಿದ್ದರು ಟೀಚರ್. ಹೋಗುತ್ತಿದ್ದಾಳೆ.

ಜೂನ್ 19, ಗುರುವಾರ

ಕ್ಲಾಸಿಗೆ ಹೋಗಲಿಲ್ಲ.

ಜೂನ್ 21, ಶನಿವಾರ

ನಾನೂ ನನ್ನ ಕೈ ತೋರಿಸುತ್ತೇನೆ. ಇನ್ನು ಮೇಲೆ ಯಾರ ಉಸಾಬರಿಯೂ ನನಗೆ ಬೇಡ. ಅವಳ ರೂಮಿನ ಕಿಟಕಿ ತೆಗೆಯಲಿಲ್ಲ. ಉಪ್ಪು ನೋಡಲಿಲ್ಲ. ಅವಳು ಡಬ್ಬಿಗಳನ್ನು ಹೇಗೆ ಜೋಡಿಸಿದಳೋ ಹಾಗೇ ಬಿಟ್ಟೆ, ಸಕ್ಕರೆ ಹೋಗಿ ಒಲೆಯ ಪಕ್ಕ ಕೂತಿದೆ, ಕರಗಲಿ. ಅವಳ ಮಗ ತಲೆ ಬಾಚದೆ ಹೊರಟ. ಹೋಗಲಿ ಅಂದುಕೊಂಡು ನಾಲಿಗೆ ಕಚ್ಚಿಕೊಂಡೆ. ನಾನಿಲ್ಲದಿದ್ದರೆ ಈ ಮನೆ ಹೇಗೆ ನಡೆಯುತ್ತದೆ ಅಂತ ಗೊತ್ತಾಗಲಿ.

ಸಂಜೆಯವರೆಗೂ ಕಾದೆ. ನಡೆಯಿತು.

ಜೂನ್ 24, ಮಂಗಳವಾರ

ಅಂಗಡಿಯಲ್ಲಿ ನಾನು ಬಾಯಿ ಬಿಡುವುದನ್ನು ನಿಲ್ಲಿಸಿ ಮೂರ್ನಾಲ್ಕು ದಿನವಾಯಿತು. ಬಟ್ಟೆಯ ಥಾನುಗಳನ್ನು ಮಡಚಿಡುತ್ತಾ ಒಳಗಿನ ರೂಮಿನಲ್ಲಿದ್ದೆ. ಮಷಿನ್ನಿನ ಸದ್ದು ನಿಂತಿತು. ಆಮೇಲೆ ಇನ್ನೊಂದು ಸದ್ದು ಶುರುವಾಯಿತು. ರೇಡಿಯೋ ಹಚ್ಚಿದ್ದಾಳೆ ಅಂದುಕೊಂಡೆ. ರೇಡಿಯೋ ಅಲ್ಲ. ಗುಬ್ಬಿ ಹಾಡಿಕೊಳ್ಳುತ್ತಿದ್ದಳು. ಅಂಚು ಮಡಚಿ ಪಿನ್ನು ಚುಚ್ಚುತ್ತಾ, ಮೆಲ್ಲಗೆ, ಪದ ಇಲ್ಲದೆ ಬರೀ ರಾಗ. ಚೆನ್ನಾಗಿ ಹಾಡುತ್ತಾಳೆ.

ಒಂದೇ ಮನೆಯಲ್ಲಿದ್ದು, ಒಂದೇ ಅಂಗಡಿಯಲ್ಲಿ ಕೂತು, ಇವಳಿಗೆ ಹಾಡು ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಇದನ್ನೂ ನನ್ನಿಂದ ಮುಚ್ಚಿಟ್ಟಳಲ್ಲ ಅಂತ ಮೊದಲು ಸಿಟ್ಟು ಬಂತು. ಆಮೇಲೆ, ನಾನು ಬಾಯಿ ಮುಚ್ಚಿದ್ದರೆ ತಾನೇ ಅವಳು ಬಾಯಿ ತೆರೆಯುವುದು ಅನ್ನಿಸಿತು. ಅದು ಸಿಟ್ಟಿಗಿಂತ ಕೆಟ್ಟದಾಗಿತ್ತು. ಥಾನಿನ ಮೇಲೆ ತಲೆಯಿಟ್ಟು ಅತ್ತೆ. ಹೊಸ ಬಟ್ಟೆ, ಕಲೆಯಾಗುತ್ತದೆ ಅಂತ ಆಮೇಲೆ ಒರೆಸಿದೆ.

ಜೂನ್ 26, ಗುರುವಾರ

ಹೋಟೆಲಿಗೆ ಹೋಗಿ ಬಂದೆವು. ಇವತ್ತಿನದನ್ನು ಪೂರ್ತಿ ಬರೆಯಬೇಕು.

ನಾನು ಮಾತಾಡಬಾರದು ಅಂತ ತೀರ್ಮಾನ ಮಾಡಿಕೊಂಡೇ ಹೋಗಿದ್ದೆ. ನಾನಿಲ್ಲದೆ ನಿಭಾಯಿಸಲಿ ನೋಡೋಣ. ಮ್ಯಾನೇಜರ್ ಕೈಕುಲುಕಿ ಏನೋ ಕೇಳಿದರು. ಗುಬ್ಬಿ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ. ಅವಳು ಉಗುಳು ನುಂಗಿ ಶುರು ಮಾಡಿದಳು. ತಪ್ಪೋ ಒಪ್ಪೋ, ಒಂದೊಂದೇ ಪದ, ನಿಧಾನವಾಗಿ. ಯಾವ ಬಟ್ಟೆ, ಎಷ್ಟು ದಪ್ಪ, ಬೆಳಕು ಎಷ್ಟು ಬರಬೇಕು. ಆ ಮ್ಯಾನೇಜರ್ ಬಗ್ಗಿ ಕೇಳುತ್ತಿದ್ದರು. ನನ್ನ ಮಾತನ್ನು ಗಿರಾಕಿಗಳು ಹಾಗೆ ಬಗ್ಗಿ ಕೇಳಿದ್ದು ನೆನಪಿಲ್ಲ. ಕೆಲಸ ನಮಗೇ ಕೊಟ್ಟರು.

ಆಮೇಲೆ ಅಳತೆ. ನಾನು ಟೇಪು ಹಿಡಿದು ಕೂಗಿದೆ, ಅವಳು ಬರೆದುಕೊಂಡಳು. ನಾನು ಯಾವಾಗಲೂ ನಾಲ್ಕು ಬೆರಳು ಸೇರಿಸಿಯೇ ಹೇಳುವುದು. ಬಟ್ಟೆ ಒಗೆದರೆ ಕುಗ್ಗುತ್ತದಲ್ಲ. ನಮ್ಮ ಕರ್ಟನ್ ಒಗೆದ ಮೇಲೂ ನೆಲ ಮುಟ್ಟಿದ ಹಾಗೇ ಇರುತ್ತದೆ, ಅದು ನನ್ನ ನಾಲ್ಕು ಬೆರಳಿನ ಮಹಿಮೆ ಅಂತ ಎಲ್ಲಾ ಗಿರಾಕಿಗಳಿಗೂ ಹೇಳುತ್ತೇನೆ. ಇವತ್ತು ಅವಳ ಭುಜದ ಮೇಲಿಂದ ಬಗ್ಗಿ ನೋಡಿದರೆ ನಾನು ಹೇಳಿದ್ದಕ್ಕಿಂತ ಕಡಿಮೆ ಬರೆದಿದ್ದಾಳೆ.

ಬಸ್ ಸ್ಟಾಪಿನ ಬೆಂಚಿನಲ್ಲಿ ಕೂತಾಗ ಕೇಳಿದೆ.

‘ನನ್ನ ನಾಲ್ಕು ಬೆರಳು ಎಲ್ಲಿ ಹೋಯ್ತು?’

ಅಳತೆಯ ಚೀಟಿ ಮಡಚುತ್ತಾ, ‘ನಾನು ಯಾವಾಗ್ಲೂ ಕಳೆದೇ ಬರ್ಕೊಳ್ಳೋದು ಅಕ್ಕ’ ಅಂದಳು. ‘ಬಟ್ಟೆ ಮೊದ್ಲೇ ನೆನೆಸಿ ಒಣಗಿಸಿ ಕತ್ತರಿಸ್ತೀನಲ್ಲ, ಆಮೇಲೆ ಅದು ಕುಗ್ಗಲ್ಲ. ನೀವು ಹೇಳಿದ ಹಾಗೆ ಹೊಲಿದ್ರೆ ನೆಲದ ಮೇಲೆ ಎಳೆದಾಡುತ್ತೆ.’

‘ಮೊದಲಿಂದಲೂ?’

‘ಮೊದಲಿಂದಲೂ.’

‘ಹೇಳೋಕೇನಾಗಿತ್ತು ನಿನಗೆ?’

‘ಒಂದ್ಸಲ ಹೇಳ್ದೆ. ನೀವು ನಕ್ಕು, ಗುಬ್ಬಿ ಹೊಟ್ಟೆಗೆಷ್ಟು ಬೇಕು ಅಷ್ಟೇ ಲೆಕ್ಕ ಅದಕ್ಕೆ ಗೊತ್ತಿರೋದು ಅಂದ್ರಿ. ಗಿರಾಕಿ ಮುಂದೆ.’

ನನಗೆ ನೆನಪಿಲ್ಲ. ನಿಜವಾಗಿಯೂ ನೆನಪಿಲ್ಲ. ಬಸ್ಸೊಂದು ಬಂತು, ಇಬ್ಬರೂ ಏಳಲಿಲ್ಲ. ಎಷ್ಟೋ ದಿನದಿಂದ ಗಂಟಲಲ್ಲಿದ್ದದ್ದು ಆಗ ಹೊರಗೆ ಬಂತು.

‘ಅವತ್ತು ಬಾಗಿಲ ಹತ್ತಿರ ನಿಂತಿದ್ದೆ. ನಿನ್ನ ವಾಕ್ಯ ಕೇಳಿದೆ.’

ಅವಳ ಮುಖದ ರಕ್ತವೇ ಇಳಿದುಹೋಯಿತು. ಇಲ್ಲ ಅನ್ನುತ್ತಾಳೆ, ಅಕ್ಕ ತಪ್ಪಾಯ್ತು ಅಂತ ಕೈ ಹಿಡಿಯುತ್ತಾಳೆ ಅಂತ ಕಾದೆ. ಹಿಡಿಯಲಿಲ್ಲ.

‘ಮನೆ ವಿಷ್ಯಾನೂ ಗೊತ್ತಾ?’ ಅಂದಳು.

‘ಗೊತ್ತು. ಎಲ್ಲರಿಗೂ ಗೊತ್ತಾದ ಮೇಲೆ ನನಗೂ ಗೊತ್ತಾಯ್ತು. ಆ ಬೇಕರಿಯವನ ಮುಂದೆ ಹೇಳೋಕೆ ಬಾಯಿ ಬಂತು, ನನ್ನ ಮುಂದೆ ಬರಲಿಲ್ಲ.’

‘ನಮ್ಮ ಮಾತಲ್ಲಿ ಹೇಳೋಕೆ ಹೋದ್ರೆ ಅಳು ಬರುತ್ತೆ ಅಕ್ಕ. ನೀವು ಮಾಡಿದ್ದೆಲ್ಲಾ ನೆನಪಾಗಿ ಬಾಯಿ ಕಟ್ಟುತ್ತೆ. ಇಂಗ್ಲಿಷಲ್ಲಿ ಅದು ಬರೀ ಪಾಠ ಅನ್ನಿಸ್ತು. ಹೇಳಿಬಿಟ್ಟೆ. ಹೇಳಿದ ಮೇಲೆ ಉಸಿರಾಡೋಕೆ ಆಯ್ತು.’

‘ಅಂದ್ರೆ ಇಷ್ಟು ದಿನ ನನ್ನ ಮೇಲೆ ಪ್ರೀತೀನೇ ಇರಲಿಲ್ವಾ?’

ಇದನ್ನು ಕೇಳಬಾರದಿತ್ತು. ಕೇಳಿದ ಮೇಲೆ ಅವಳು ತಕ್ಷಣ ‘ಇತ್ತು’ ಅನ್ನಬಹುದಿತ್ತು. ಅನ್ನಲಿಲ್ಲ. ರಸ್ತೆ ನೋಡುತ್ತಾ ಯೋಚಿಸಿದಳು.

‘ಗೊತ್ತಿಲ್ಲ ಅಕ್ಕ. ನೀವು ಯಾವಾಗ್ಲೂ ಮುಂದೇನೇ ನಿಂತಿರ್ತೀರಿ. ಸ್ವಲ್ಪ ದೂರ ಹೋಗಿ ನಿಂತ್ರೆ ಗೊತ್ತಾಗಬಹುದು.’ ಆಮೇಲೆ, ‘ಇನ್ನೊಂದು. ಗುಬ್ಬಿ ಅನ್ಬೇಡಿ. ನನ್ನ ಮಗನಿಗೆ ಮೀಸೆ ಬರ್ತಿದೆ’ ಅಂದಳು.

ಮುಂದಿನ ಬಸ್ಸಿನಲ್ಲಿ ಬಂದೆವು. ಬೇರೆ ಬೇರೆ ಸೀಟು.

ಜೂನ್ 27, ಶುಕ್ರವಾರ

ಗೊತ್ತಿಲ್ಲವಂತೆ.

ಜುಲೈ 6, ಭಾನುವಾರ

ಹೋದರು. ಟೆಂಪೋ ಬೆಳಗ್ಗೆಯೇ ಬಂತು. ಮೈದುನ ನನ್ನ ಮುಖ ನೋಡದೆ ಮಂಚ ಬಿಚ್ಚಿದ. ಕನ್ನಡಿಯನ್ನು ಕೆಳಗಿಟ್ಟು ಅದರ ಮೇಲೆ ಪೆಟ್ಟಿಗೆ ಹೇರುತ್ತಿದ್ದಾನೆ, ಹೇಗೆ ಉಳಿಯುತ್ತದೆ ಅದು? ಬಾಯಿ ತೆರೆದೆ. ಓರಗಿತ್ತಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಬಾಯಿ ಮುಚ್ಚಿಕೊಂಡು ಮಹಡಿಗೆ ಹೋಗಿ ಒಣಗಿದ ಬಟ್ಟೆ ಮಡಚಿದೆ. ಒಣಗದಿದ್ದದ್ದನ್ನೂ ಮಡಚಿದೆ.

ಕೆಳಗಿಳಿದಾಗ ಅಡುಗೆಮನೆಯ ಅರ್ಧ ಕಪಾಟು ಖಾಲಿ. ಮಗಳು ಅಳುತ್ತಿದ್ದಳು. ‘ಅಮ್ಮ, ಹೇಳ್ಬೇಡ ಅಂತ ಚಿಕ್ಕಮ್ಮ ಆಣೆ ಹಾಕಿಸಿದ್ರು’ ಅಂದಳು. ಕ್ಷಮಿಸಿದೆ ಅಂದೆ. ಕ್ಷಮಿಸಿಲ್ಲ. ಯಾರನ್ನೂ ಕ್ಷಮಿಸಿಲ್ಲ. ಇಷ್ಟು ಜನ ನಗುನಗುತ್ತಾ ನನ್ನ ಸುತ್ತ ಓಡಾಡಿಕೊಂಡು, ಒಳಗೊಳಗೇ ಗಂಟುಮೂಟೆ ಕಟ್ಟಿದರಲ್ಲ. ಹಾಸಿಗೆ ಹಾಸಿಕೊಟ್ಟವಳಿಗೇ ಹೊದಿಕೆ ಇಲ್ಲದ ಹಾಗಾಯಿತು. ಕನ್ನಡಿ ಒಡೆದಿರಬೇಕು. ಒಡೆಯದಿರಲಿ.

ಜುಲೈ 17, ಗುರುವಾರ

ಅಂಗಡಿ ನಡೆಯುತ್ತಿದೆ. ಹೋಟೆಲಿನ ಕೆಲಸ ತಲೆಯ ಮೇಲೆ ಕೂತಿದೆ. ಅಳತೆ ಇದ್ದದ್ದು ಇದ್ದ ಹಾಗೇ ಹೇಳುತ್ತೇನೆ, ಅವಳು ಹಾಗೇ ಬರೆದುಕೊಳ್ಳುತ್ತಾಳೆ. ನಾನು ಒಳಗಿನ ರೂಮಿನಲ್ಲೇ ಹೆಚ್ಚು ಹೊತ್ತು ಇರುತ್ತೇನೆ, ಮಡಚಿಡುವ ಬಟ್ಟೆ ಬೇಕಾದಷ್ಟಿದೆ. ಅವಳ ಹಾಡು ಅಲ್ಲಿಂದ ಕೇಳಿಸುತ್ತದೆ.

ಸಂಜೆ ಬಾಗಿಲು ಹಾಕಿದ ಮೇಲೆ ಅವಳು ಆ ಕಡೆ, ನಾನು ಈ ಕಡೆ. ಇವತ್ತು ಹೋಗುವವಳು ನಿಂತಳು.

‘ಅಕ್ಕ, ಮನೆ ನೋಡೋಕೆ ಬರಲೇ ಇಲ್ಲ ನೀವು.’

‘ನೀನು ಕರೆದ್ರೆ ತಾನೇ.’

‘ಕರೆದ್ರೆ ನೀವು ಬೆಳಗ್ಗೇನೇ ಬರ್ತೀರಿ. ಡಬ್ಬಿ ಎಲ್ಲಾ ಇಳಿಸಿ ಮತ್ತೆ ಜೋಡಿಸ್ತೀರಿ. ರಾತ್ರಿ ಊಟ ಆದ್ರೂ ಏಳಲ್ಲ.’

ಹೀಗೇ ಅಂದಳು. ನನ್ನ ಮುಖಕ್ಕೆ, ನಡುರಸ್ತೆಯಲ್ಲಿ, ನಮ್ಮ ಮಾತಿನಲ್ಲಿ. ಅಳಲೂ ಇಲ್ಲ. ನನಗೆ ಕೆನ್ನೆ ಬಿಸಿಯಾಯಿತು.

‘ಭಾನುವಾರ ಬನ್ನಿ. ನಾಲ್ಕಕ್ಕೆ ಬನ್ನಿ, ಆರಕ್ಕೆ ಹೊರಡಿ’ ಅಂದಳು.

ಡೆಂಟಿಸ್ಟ್ ಕೊಡುವ ಹಾಗೆ ಟೈಮು ಕೊಟ್ಟು ಕರೆದಿದ್ದಾಳೆ ನನ್ನನ್ನು. ಯಾವ ಮುಖ ಇಟ್ಟುಕೊಂಡು ಹೋಗಲಿ ಅಂತ ನಮ್ಮವರನ್ನು ಕೇಳಿದೆ. ‘ಇರೋದೇ ಒಂದು ಮುಖ, ಅದನ್ನೇ ತಗೊಂಡು ಹೋಗು’ ಅಂದರು.

ಜುಲೈ 20, ಭಾನುವಾರ

ಹೋದೆ. ಬಾಗಿಲು ಅರ್ಧ ತೆರೆದಿತ್ತು, ಆದರೂ ತಟ್ಟಿ ಹೊರಗೇ ನಿಂತೆ. ಪುಟ್ಟ ಮನೆ, ಎರಡು ರೂಮು. ಕಿಟಕಿಗಳೆಲ್ಲಾ ಮುಚ್ಚಿದ್ದವು, ಒಳಗೆ ಸೆಕೆ. ಕೈ ತುರಿಸಿತು. ಸೆರಗಿನೊಳಗೆ ಇಟ್ಟುಕೊಂಡು ಕೂತೆ. ಕನ್ನಡಿ ಗೋಡೆಯ ಮೇಲಿತ್ತು, ಸರಿಯಾಗೇ ಇತ್ತು.

ಟೀ ಕೊಟ್ಟಳು. ಸಕ್ಕರೆ ಜಾಸ್ತಿ. ಕುಡಿದೆ. ಮಗನ ಓದಿನ ಬಗ್ಗೆ ಅವಳು ಹೇಳಿದಳು, ಹೋಟೆಲಿನ ಎರಡನೇ ಮಹಡಿಯ ಬಗ್ಗೆ ಹೇಳಿದಳು, ಹೊಸ ಮನೆಯಲ್ಲಿ ಮೊದಲ ರಾತ್ರಿ ನಿದ್ದೆ ಬರಲಿಲ್ಲ ಅಂದಳು. ಯಾಕೆ ಅಂತ ಕೇಳಲಿಲ್ಲ. ಇಷ್ಟು ಮಾತಾಡುತ್ತಾಳೆ ಅವಳು, ನಾನು ಇಷ್ಟು ಹೊತ್ತು ಯಾರ ಮಾತನ್ನೂ ಕೇಳಿಸಿಕೊಂಡವಳಲ್ಲ. ನಡುನಡುವೆ ಆ ಬಾಗಿಲು, ಆ ವಾಕ್ಯ ನೆನಪಾಗುತ್ತಿತ್ತು. ಅದು ಹೋಗುವುದಿಲ್ಲ ಅಂತ ಕಾಣುತ್ತದೆ. ಇದೊಂದನ್ನು ನಾನು ಸಹಿಸಿಕೊಳ್ಳಬೇಕು.

ಐದೂವರೆಗೆ ಎದ್ದೆ. ಆರು ಅಂದಿದ್ದಾಳೆ, ಅವಳ ಬಾಯಲ್ಲಿ ಹೊರಡಿ ಅಂತ ಇನ್ನೊಮ್ಮೆ ಕೇಳುವುದು ನನ್ನಿಂದಾಗದು, ಅದಕ್ಕೆ ಮುಂಚೆಯೇ ಎದ್ದುಬಿಡೋಣ ಅಂತ. ಚೀಲ ತೆಗೆದುಕೊಂಡೆ, ‘ಬರ್ತೀನಮ್ಮ’ ಅಂದೆ.

ಅವಳು ಗಡಿಯಾರ ನೋಡಿದಳು.

‘ಇನ್ನೂ ಅರ್ಧ ಗಂಟೆ ಇದೆಯಲ್ಲ ಅಕ್ಕ. ಕೂತ್ಕೊಳ್ಳಿ.’

ಕೂತೆ.